ಸೋಪಿನ ನೀರು

ದುಲುತ್ ಊರಿನಲ್ಲಿ ಮೇ ತಿಂಗಳು ಬಂದರೂ
ಸರೋವರದ ಗಾಳಿ ಕಿವಿ ಹಿಂಡುತ್ತಲೇ ಇರುತ್ತದೆ.
ಆ ಗಾಳಿಯಲ್ಲೇ ಪಕ್ಕದ ಮನೆಯ ಡೊಲೊರೆಸ್ ಹಾಗನ್
ಗಡಗಡ ಗ್ರಿಲ್ಲು ತಳ್ಳಿಕೊಂಡು ಬಂದಳು,
ಒಂದು ಗಾಲಿ ಕುಂಟು, ಮುಚ್ಚಳದ ತುಂಬ ತುಕ್ಕಿನ ಭೂಪಟ.
"ಅರ್ವಿಡ್ ಹೋದ ಮೇಲೆ ಇದನ್ನು ಹಚ್ಚಿಲ್ಲ.
ನಲವತ್ತು ಡಾಲರು ಕೊಡು. ಪಾಠ ಬಿಟ್ಟಿ."

ನಾನು ಸ್ಕೂಲ್ ಬಸ್ಸಿನ ಡ್ರೈವರು.
ಅರವತ್ತು ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು
ಮಂಜುಗಟ್ಟಿದ ಇಳಿಜಾರು ಇಳಿಯುವವಳು.
ನನಗೇನು ಪಾಠ, ಅಂದುಕೊಂಡೆ.
ಗದಗಿನಲ್ಲಿ ನಮ್ಮ ಕೆಂಪು ಸಿಲಿಂಡರು
ಕಟ್ಟೆಯಡಿ ಮನೆಯವರಲ್ಲೊಬ್ಬರ ಹಾಗೆ ಕೂತಿರುತ್ತಿತ್ತು,
ಅವ್ವ ಅದನ್ನು ಒಂದಿಷ್ಟು ಅಲುಗಾಡಿಸಿ
"ಅಮಾಸಿ ತನಕ ಬರ್ತದ" ಅಂತ ಹೇಳಿಬಿಡುತ್ತಿದ್ದಳು.

"ಇದು ಒಳಗೆ ಬರುವ ಜೀವವಲ್ಲ," ಅಂದಳು ಡೊಲೊರೆಸ್.
ಅಡುಗೆಮನೆಗೆ ಬೇಡ, ಗ್ಯಾರೇಜಿಗೆ ಬೇಡ,
ನೆಲಮಾಳಿಗೆಗಂತೂ ದೇವರೇ ಕೇಳಿದರೂ ಬೇಡ.
ಗಾಳಿಗಿಂತ ಭಾರ ಈ ಅನಿಲ,
ಹೊಗೆಯ ಹಾಗೆ ಎದ್ದು ಹೊರಟುಹೋಗುವುದಿಲ್ಲ.
ಮುನಿಸಿಕೊಂಡ ಅಳಿಯನ ಹಾಗೆ
ತಗ್ಗಿನ ಮೂಲೆ ಹುಡುಕಿ ಕೂರುತ್ತದೆ,
ಯಾರಾದರೂ ಒಂದು ಮಾತು ಅನ್ನಲಿ ಅಂತ ಕಾಯುತ್ತ.
ಬಾಯ್ಲರಿನ ಒಂದೇ ಕಿಡಿ ಸಾಕು, ಆ ಮಾತಿಗೆ.

ಪಾತ್ರೆ ತೊಳೆಯುವ ಸೋಪು, ಅಷ್ಟೇ ನೀರು,
ಅರ್ವಿಡನ ಗಡ್ಡದ ಬ್ರಷ್ಷು.
ಒಲೆಯ ತಿರುಪುಗಳೆಲ್ಲ ಬಂದ್, ಸಿಲಿಂಡರಿನದು ಮಾತ್ರ
ಮೆಲ್ಲಗೆ, ನಿದ್ದೆಯ ಕೂಸಿನ ಬಾಗಿಲು ತೆರೆದಂತೆ.
ಕೀಲಿಗೆ ಬಳಿದಳು. ಏನಿಲ್ಲ.
ಕೊಳವೆಯ ಉದ್ದಕ್ಕೂ ಬಳಿಯುತ್ತ ಬಂದಳು. ಏನಿಲ್ಲ.
ಬಾಗಿದ ಜಾಗದಲ್ಲಿ
ಸಾಸಿವೆಯಷ್ಟು ಒಂದು ಗುಳ್ಳೆ.
ಕಡಲೆಯಾಯಿತು. ಒಡೆಯಿತು.
ಅದೇ ಜಾಗದಲ್ಲಿ ಇನ್ನೊಂದು.

ನಾನು ಮೂಗು ಹತ್ತಿರ ಹಿಡಿದರೂ ವಾಸನೆ ತಿಳಿಯಲಿಲ್ಲ,
ಗಾಳಿ ಎಲ್ಲ ಎತ್ತಿಕೊಂಡು ಹೋಗುತ್ತಿತ್ತು.
ಡೊಲೊರೆಸ್ ಆಗಲೇ ತಿರುಪು ಮುಚ್ಚಿದ್ದಳು.
"ಹೊಸ ಕೊಳವೆ ತಾ. ಟೇಪು ಸುತ್ತಿದರೆ ನೋಡು."

ಹೊಸದು ಬರುವ ತನಕ ನಾಲ್ಕು ದಿನ
ಒಳಗಿನ ನಳಿಗೆಗಳನ್ನು ತಂತಿಯಿಂದ ತಿವಿದೆವು.
ಒಂದರಲ್ಲಿ ಜೇಡ, ಬೆಳ್ಳನೆಯ ಹತ್ತಿಯ ಮನೆ ಸಮೇತ.
ಇಂಥ ಬಲೆ ದಾರಿ ಕಟ್ಟಿದರೆ ಬೆಂಕಿ ಹಿಂದಕ್ಕೆ ತಿರುಗುತ್ತದಂತೆ.
ಜೇಡವನ್ನು ಎಲೆಯ ಮೇಲೆ ಎತ್ತಿ ಬೇಲಿಗೆ ಬಿಟ್ಟಳು.

ಆಗ ಹೇಳಿದಳು, ಕೇಳದಿದ್ದರೂ:
ಅರ್ವಿಡ್ ಒಮ್ಮೆ ಮುಚ್ಚಳ ಹಾಕಿಯೇ ಗ್ಯಾಸು ಬಿಟ್ಟು
ಕಡ್ಡಿಪೆಟ್ಟಿಗೆ ತರಲು ಒಳಗೆ ಬಂದ, ಫೋನು ಬಂತು.
ಮಾತು ಮುಗಿಸಿ ಹೋಗಿ ಗೀರಿದ.
ಜೀವ ಉಳಿಯಿತು, ಹುಬ್ಬು ಹೋಯಿತು.
"ಮೂರು ವಾರ, ನಾನು ಏನು ಹೇಳಿದರೂ
ಬೆರಗಾದವನ ಹಾಗೆ ಕಾಣುತ್ತಿದ್ದ.
ನನಗದು ಇಷ್ಟವಾಗಿತ್ತು."

ಶನಿವಾರ ಹಚ್ಚಿದೆವು.
ಗೋಡೆಯಿಂದ ಹತ್ತು ಹೆಜ್ಜೆ ಆಚೆ, ಮೇಪಲ್ಲಿನ ಕೊಂಬೆ ತಪ್ಪಿಸಿ,
ಮುಚ್ಚಳ ತೆರೆದು, ಮುಖ ಹಿಂದಿಟ್ಟು.
ನೀಲಿ. ಎಲ್ಲ ನೀಲಿ.
ಬದನೆ ಸುಟ್ಟು, ಹಸಿಮೆಣಸು ಹಿಸುಕಿ
ಬಜ್ಜಿ ಮಾಡಿ ಬಡಿಸಿದೆ.
ಡೊಲೊರೆಸ್ ಕಣ್ಣೊರೆಸಿಕೊಂಡಳು.
ಮೆಣಸಿಗೆ ಅಂದಳು, ನಾನೂ ಹೂಂ ಅಂದೆ.

ಅಕ್ಟೋಬರಿನಲ್ಲಿ ಕಳಚಿದೆವು.
ಗ್ರಿಲ್ಲಿಗೆ ಹೊದಿಕೆ. ಸಿಲಿಂಡರು ಬೇಲಿಯ ಬಳಿ,
ಕಿಟಕಿ ಬಾಗಿಲುಗಳಿಂದ ದೂರ,
ಎರಡು ಇಟ್ಟಿಗೆಯ ಮೇಲೆ ನೆಟ್ಟಗೆ.

ಈಗ ಜನವರಿ. ರಾತ್ರಿ ಎದ್ದು ನೋಡಿದರೆ
ಹಿಮದ ಟೊಪ್ಪಿಗೆ ಹಾಕಿಕೊಂಡು ಅಲ್ಲೇ ನಿಂತಿರುತ್ತದೆ.
ಪಾಪ, ಒಳಗೆ ಕರೆಯೋಣ ಅನ್ನಿಸುತ್ತದೆ,
ಗದಗಿನ ಬುದ್ಧಿ.
ಹಿಮ ಬಿದ್ದ ಪ್ರತಿ ಬೆಳಿಗ್ಗೆ
ಅವಳ ಮೆಟ್ಟಿಲಿನಿಂದ ಸಿಲಿಂಡರಿನ ತನಕ
ಬೂಟಿನ ಗುರುತು, ಹೋಗಿ ಬಂದದ್ದು,
ಟೊಪ್ಪಿಗೆ ಝಾಡಿಸಿದ್ದು.

ನಾನು ಕೇಳಿಲ್ಲ.
ಐದೂವರೆಗೆ ಬಸ್ಸು ತೆಗೆಯಬೇಕು.